ಒಂದು ಗೋಲಿನ ಅಂತರ

ಕೇಳುಗರೆಲ್ಲರಿಗೂ ನಮಸ್ಕಾರ.

ಫುಟ್‌ಬಾಲ್‌ನಲ್ಲಿ ನಾಲ್ಕೈದು ಗೋಲುಗಳಿಂದ ಸೋತರೆ ಅಷ್ಟೊಂದು ಸಂಕಟ ಆಗುವುದಿಲ್ಲ. ಎದುರಿನವರು ಚೆನ್ನಾಗಿ ಆಡಿದರು, ನಮ್ಮವರು ಆಡಲಿಲ್ಲ, ಮುಗೀತು ಅಂತ ಮನೆಗೆ ಹೋಗಿ ಊಟ ಮಾಡಿ ಮಲಗಬಹುದು. ಒಂದೇ ಒಂದು ಗೋಲಿನಿಂದ, ಅದೂ ಫೈನಲ್‌ನಲ್ಲಿ ಸೋತರೆ ಮಾತ್ರ ಆ ಪಂದ್ಯ ನಮ್ಮನ್ನು ಬಿಡುವುದಿಲ್ಲ. ಹಲ್ಲುಜ್ಜುವಾಗ ನೆನಪಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ನೆನಪಾಗುತ್ತದೆ. ಎಷ್ಟೋ ವರ್ಷದ ಮೇಲೆ ಇಬ್ಬರು ಅಭಿಮಾನಿಗಳು ಎಲ್ಲೋ ಟೀ ಅಂಗಡಿಯಲ್ಲಿ ಸಿಕ್ಕರೂ ಸಾಕು, ಗ್ಲಾಸು ಖಾಲಿಯಾಗುವುದರೊಳಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ.

ನಮ್ಮ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೆ ಅಂಥ ಪಂದ್ಯಗಳು ಬೇಕಾದಷ್ಟಿವೆ. ಒಂದೊಂದಾಗಿ ಎಲ್ಲವನ್ನೂ ಹೇಳುತ್ತಾ ಕೂತರೆ ಸಮಯ ಸಾಲದು. ಆದರೆ 2018ರ ಮಾರ್ಚ್ 17ರ ರಾತ್ರಿಯನ್ನು ಬಿಟ್ಟು ಮುಂದಕ್ಕೆ ಹೋಗುವ ಹಾಗಿಲ್ಲ.

ಅವತ್ತು ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್. ಬೆಂಗಳೂರು ಎಫ್‌ಸಿ, ಎದುರಿಗೆ ಚೆನ್ನೈಯಿನ್ ಎಫ್‌ಸಿ. ಬಿಎಫ್‌ಸಿಗೆ ಐಎಸ್‌ಎಲ್‌ನಲ್ಲಿ ಅದು ಮೊದಲ ವರ್ಷ. ಮೊದಲ ವರ್ಷದಲ್ಲೇ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದರು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಅಂಕದ ಅಂತರ ಅಂದರೆ ತಮಾಷೆಯಲ್ಲ. ಅದರ ಮೇಲೆ ಫೈನಲ್ ನಮ್ಮದೇ ಊರಲ್ಲಿ, ನಮ್ಮದೇ ಮೈದಾನದಲ್ಲಿ. ಟ್ರೋಫಿ ಮನೆಗೆ ಬಂದಂತೆಯೇ ಅಂತ ಎಲ್ಲರೂ ಅಂದುಕೊಂಡಿದ್ದರು. ಒಂಬತ್ತನೇ ನಿಮಿಷದಲ್ಲಿ ಉದಾಂತ ಸಿಂಗ್ ಬಲಗಡೆಯಿಂದ ಚೆಂಡನ್ನು ಒಳಗೆ ಕಳಿಸಿದರು, ಸುನಿಲ್ ಚೆಟ್ರಿ ಮುಂದಕ್ಕೆ ಹಾರಿ ತಲೆ ಕೊಟ್ಟರು, ಗೋಲು! ಆ ಕ್ಷಣದ ಸದ್ದನ್ನು ನಾನು ಈ ಮೈಕಿನ ಮುಂದೆ ಕೂತು ಹೇಗೆ ಹೇಳಲಿ? ಕಂಠೀರವದಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಗ್ಯಾಲರಿಗೂ ಮೈದಾನಕ್ಕೂ ನಡುವೆ ಜಾಸ್ತಿ ದೂರ. ಆದರೂ ಅವತ್ತು ಆ ಕೂಗು ಟ್ರ್ಯಾಕ್ ದಾಟಿ ಆಟಗಾರರ ಮೈಮೇಲೆ ಬಿದ್ದಿರಬೇಕು.

ಆಮೇಲೆ ಬಂತು ನೋಡಿ ಕಾರ್ನರ್. 17ನೇ ನಿಮಿಷ. ಚೆನ್ನೈಯಿನ್‌ನ ಗ್ರೆಗರಿ ನೆಲ್ಸನ್ ಮೈದಾನದ ಮೂಲೆಯಿಂದ ಆ ಕಾರ್ನರ್ ತೆಗೆದುಕೊಂಡರು, ಅವರದೇ ತಂಡದ ಬ್ರೆಜಿಲ್‌ನ ಎತ್ತರದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎಲ್ಲರಿಗಿಂತ ಮೇಲೆ ಜಿಗಿದು ತಲೆಯಿಂದ ಹೊಡೆದರು. 1-1. ಸರಿ, ಒಂದು ಸಲ ತಪ್ಪಾಯಿತು ಅಂದುಕೊಂಡೆವು. ಮೊದಲಾರ್ಧ ಮುಗಿಯುವ ಹೊತ್ತು, 45ನೇ ನಿಮಿಷ, ಇನ್ನೊಂದು ಕಾರ್ನರ್. ನೆಲ್ಸನ್ ಚೆಂಡಿಟ್ಟು ಕೈ ಎತ್ತಿದ ಕೂಡಲೇ ನಮ್ಮ ಸಾಲಿನಲ್ಲಿದ್ದ ಒಬ್ಬ ಹುಡುಗ "ಅವನನ್ನ ಹಿಡ್ಕೊಳ್ರೋ, ಅವನನ್ನ ಹಿಡ್ಕೊಳ್ರೋ" ಅಂತ ಕಿರುಚುತ್ತಿದ್ದ. ಅವನ ಧ್ವನಿ ಅಷ್ಟು ದೂರ ಎಲ್ಲಿ ಕೇಳಬೇಕು. ಮತ್ತೆ ಅದೇ ನೆಲ್ಸನ್, ಅದೇ ಮೈಲ್ಸನ್, ಅದೇ ತಲೆ. 1-2. ಆ ಹುಡುಗ ಕೂತುಬಿಟ್ಟ. ಮುಖದ ಮೇಲೆ ಬಳಿದುಕೊಂಡಿದ್ದ ನೀಲಿ ಬಣ್ಣ ಬೆವರಿಗೆ ಇಳಿದು ಕುತ್ತಿಗೆವರೆಗೂ ಬಂದಿತ್ತು, ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

67ನೇ ನಿಮಿಷದಲ್ಲಿ ರಫೇಲ್ ಆಗಸ್ಟೊ ಮೂರನೆಯದು ಹೊಡೆದರು. ಇಂಜುರಿ ಟೈಮ್‌ನಲ್ಲಿ ನಮ್ಮ ಮಿಕು ಒಂದು ಗೋಲು ವಾಪಸ್ ಕೊಟ್ಟರು, 2-3. ಆ ಗೋಲು ಬರದೇ ಇದ್ದಿದ್ದರೆ ನೋವು ಕಡಿಮೆ ಇರುತ್ತಿತ್ತೋ ಏನೋ. ಅದು ಬಂದಿದ್ದರಿಂದ ಉಳಿದ ಒಂದೆರಡು ನಿಮಿಷ ಸಾವಿರಾರು ಜನ ಮತ್ತೆ ಎದ್ದು ನಿಂತರು, ಮತ್ತೆ ನಂಬಿದರು. ಆಮೇಲೆ ಸೀಟಿ ಊದಿತು.

ಸೋತ ಮೇಲೆ ಜನ ಏನು ಮಾಡಿದರು ಅನ್ನುವುದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಕೆಲವರು ಅತ್ತರು, ದೊಡ್ಡ ದೊಡ್ಡ ಗಂಡಸರು ಕೂಡ. ಕೆಲವರು ಕಾರ್ನರ್ ಬಗ್ಗೆ ಬೈದರು, ಯಾರು ಮೈಲ್ಸನ್‌ನನ್ನು ಕಾಯಬೇಕಿತ್ತು ಅಂತ ಅಲ್ಲೇ ಪಂಚಾಯ್ತಿ ಶುರುವಾಯಿತು. ಆದರೆ ನಮ್ಮ ಸುತ್ತ ಇದ್ದವರಲ್ಲಿ ಬಹಳ ಮಂದಿ ಆಟಗಾರರು ಹತ್ತಿರ ಬರುವವರೆಗೂ ಕಾದರು, ಬಂದಾಗ ಚಪ್ಪಾಳೆ ಹೊಡೆದರು. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನುವ ಅಭಿಮಾನಿ ಬಳಗದ ಹೆಸರು ನೀವು ಕೇಳಿರಬಹುದು. ಕ್ಲಬ್ ಹುಟ್ಟಿದ 2013ರಿಂದಲೂ ಅವರು ಜೊತೆಗಿದ್ದಾರೆ. ಡೋಲು, ಬಾವುಟ, ತೊಂಬತ್ತು ನಿಮಿಷ ನಿಂತೇ ಹಾಡು. ಗೆದ್ದಾಗ ಹಾಡುವುದು ಸುಲಭ. ಅವತ್ತು ಗಂಟಲು ಕಟ್ಟಿದ ಮೇಲೂ ಹಾಡಿದರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಆಮೇಲಿನ ದಿನಗಳಲ್ಲಿ ಒಂದೇ ಜಗಳ. ಇಡೀ ಲೀಗ್‌ನಲ್ಲಿ ಎಂಟು ಅಂಕ ಮುಂದಿದ್ದವರು ಒಂದು ರಾತ್ರಿಯ ಎರಡು ಕಾರ್ನರ್‌ಗೆ ಚಾಂಪಿಯನ್ ಪಟ್ಟ ಕಳೆದುಕೊಳ್ಳುವುದು ಯಾವ ನ್ಯಾಯ ಅಂತ. ಆಗ ಲೀಗ್‌ನಲ್ಲಿ ಮೊದಲು ಬಂದವರಿಗೆ ಕೊಡುವ ಶೀಲ್ಡ್ ಕೂಡ ಇರಲಿಲ್ಲ, ಅದು ಶುರುವಾಗಿದ್ದು 2019-20ರಲ್ಲಿ. ನನಗೂ ಆ ಜಗಳದಲ್ಲಿ ಒಂದು ಪಕ್ಷ ಇದೆ. ತಿಂಗಳುಗಟ್ಟಲೆ ಆಡಿ ಮೇಲೆ ನಿಂತವರೇ ಚಾಂಪಿಯನ್ ಅನ್ನುವುದು ನನ್ನ ಪಕ್ಷ. ಆದರೆ ಲೀಗ್ ಪಟ್ಟಿ ನೋಡಿ ಯಾರೂ ಅಳುವುದಿಲ್ಲ, ಫೈನಲ್ ನೋಡಿ ಅಳುತ್ತಾರೆ. ಇದೂ ನಿಜ ಅಲ್ವಾ?

ಇನ್ನು ಪಟ್ಟಿಯೇ ಫೈನಲ್ ಆದ ದಿನವೂ ಒಂದಿತ್ತು. 2015ರ ಮೇ 31. ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಕೊನೆಯ ಪಂದ್ಯ, ಅದೇ ಕಂಠೀರವ, ಎದುರಿಗೆ ಕೋಲ್ಕತ್ತದ ಮೋಹನ್ ಬಾಗಾನ್. ನಮಗೆ ಗೆಲುವೇ ಬೇಕು, ಅವರಿಗೆ ಡ್ರಾ ಆದರೆ ಸಾಕು. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ನಾವೇ ಮುಂದೆ. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಸಮ ಮಾಡಿದರು. ಇನ್ನು ಮೂರು ನಿಮಿಷ ತಡೆದಿದ್ದರೆ ಸಾಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಗಾನ್‌ನವರಿಗೆ ಅದು 13 ವರ್ಷಗಳ ನಂತರ ಸಿಕ್ಕ ರಾಷ್ಟ್ರೀಯ ಲೀಗ್. ಹದಿಮೂರು ವರ್ಷ ಕಾದವರ ಖುಷಿಯನ್ನು ಯೋಚಿಸಿದರೆ ನಮ್ಮ ಹೊಟ್ಟೆ ಉರಿ ಸ್ವಲ್ಪ ತಣ್ಣಗಾಗುತ್ತದೆ. ಸ್ವಲ್ಪ ಅಷ್ಟೇ.

2018ರ ಸೋಲಿಗೆ ಸರಿಯಾಗಿ ಒಂದು ವರ್ಷ. ಮತ್ತೆ ಮಾರ್ಚ್ 17, ಮತ್ತೆ ಐಎಸ್‌ಎಲ್ ಫೈನಲ್. ಈ ಸಲ ಮುಂಬೈನ ಅಂಧೇರಿಯಲ್ಲಿ, ಎಫ್‌ಸಿ ಗೋವಾ ವಿರುದ್ಧ. ಲೀಗ್‌ನಲ್ಲಿ ಎರಡೂ ತಂಡಗಳಿಗೆ 34 ಅಂಕ. ಪರಸ್ಪರ ಆಡಿದ ಪಂದ್ಯಗಳ ಲೆಕ್ಕದಲ್ಲಿ ನಾವು ಮೇಲೆ. ಅಷ್ಟು ಸಮಸಮ. 90 ನಿಮಿಷ ಆದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲ ಭಾಗ ಮುಗಿಯುವಷ್ಟರಲ್ಲಿ ಗೋವಾದ ಅಹ್ಮದ್ ಜಹೂಗೆ ಎರಡನೇ ಹಳದಿ ಕಾರ್ಡ್, ಹೊರಗೆ. ಆದರೂ ಗೋಲಿಲ್ಲ. ಪೆನಾಲ್ಟಿ ಶೂಟೌಟ್‌ಗೆ ಮೂರ್ನಾಲ್ಕು ನಿಮಿಷ ಉಳಿದಿದೆ, ನಮಗೊಂದು ಕಾರ್ನರ್ ಸಿಕ್ಕಿತು. ಡಿಮಾಸ್ ಡೆಲ್ಗಾಡೊ ಚೆಂಡಿನ ಹಿಂದೆ ನಿಂತರು. ಹಿಂದಿನ ವರ್ಷ ಕಾರ್ನರ್‌ನಿಂದಲೇ ಸತ್ತವರಿಗೆ ಆ ಕಾರ್ನರ್ ಎಂಥದ್ದು ಅಂತ ಊಹಿಸಿ. ರಾಹುಲ್ ಭೆಕೆ ತಲೆ ಕೊಟ್ಟರು, ಚೆಂಡು ಒಳಗೆ ಹೋಯಿತು. 1-0. ಲೀಗ್‌ನಲ್ಲಿ ಮೊದಲು ಬಂದವರು ಟ್ರೋಫಿಯನ್ನೂ ಗೆದ್ದಿದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು.

ಆ ರಾತ್ರಿ ಬೆಂಗಳೂರಿನಲ್ಲಿ ಟಿವಿ ಮುಂದೆ ಕೂತಿದ್ದ ನಮ್ಮ ಗೆಳೆಯರ ಗುಂಪು ಮಾಡಿದ ಗಲಾಟೆಗೆ ಪಕ್ಕದ ಮನೆಯ ಅಜ್ಜಿ ಗಾಬರಿಯಾಗಿ ಬಾಗಿಲು ಬಡಿದರು. ವಿಷಯ ಹೇಳಿದೆವು. "ನಮ್ಮೂರೋರು ಗೆದ್ದರಾ? ಹಾಗಾದ್ರೆ ಕೂಗ್ರಪ್ಪಾ" ಅಂದರು.

ಹಾಗೆ ಕೂಗುವಾಗಲೂ ನನಗೆ ಗೋವಾದವರ ಮುಖ ಕಾಣುತ್ತಿತ್ತು. ಕ್ಯಾಮೆರಾ ಒಂದು ಕ್ಷಣ ಅವರ ಕಡೆ ತಿರುಗಿತ್ತು. ಅವರಿಗೂ ಅದು ಎರಡನೇ ಏಟು. 2015ರ ಡಿಸೆಂಬರ್‌ನಲ್ಲಿ ಅವರದೇ ಫತೋರ್ಡಾ ಮೈದಾನದಲ್ಲಿ, ಚೆನ್ನೈಯಿನ್ ವಿರುದ್ಧವೇ, 87ನೇ ನಿಮಿಷದಲ್ಲಿ 2-1ರಿಂದ ಮುಂದೆ ಹೋಗಿ, ಆಮೇಲಿನ ಕೆಲವೇ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟು 2-3ರಿಂದ ಸೋತಿದ್ದರು. ಸ್ವಂತ ಊರು, 2-3, ಎದುರಾಳಿಯೂ ಅದೇ ತಂಡ. ನಮ್ಮ ನೋವು ದೇಶದಲ್ಲಿ ಯಾರಿಗಾದರೂ ಚೆನ್ನಾಗಿ ಅರ್ಥವಾಗುವುದಿದ್ದರೆ ಅದು ಗೋವಾದವರಿಗೆ.

ಈಗ ರೆಫರಿ ವಿಷಯಕ್ಕೆ ಬರುತ್ತೇನೆ. 2023ರ ಮಾರ್ಚ್ 18ರ ಫೈನಲ್ ಬಗ್ಗೆ ಮಾತಾಡಿದರೆ ಬಿಎಫ್‌ಸಿ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಮಾತೇ ಅದು. ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು. 78ನೇ ನಿಮಿಷದಲ್ಲಿ ರಾಯ್ ಕೃಷ್ಣ ಗೋಲಿನಿಂದ ನಾವು 2-1. ಏಳು ನಿಮಿಷದಲ್ಲಿ ಅವರಿಗೊಂದು ಪೆನಾಲ್ಟಿ, ದಿಮಿತ್ರಿ ಪೆಟ್ರಾಟೋಸ್ ಹೊಡೆದರು, 2-2. ಆ ಫೌಲ್ ಆಗಿದ್ದು ಪೆನಾಲ್ಟಿ ಬಾಕ್ಸ್‌ನ ಹೊರಗೆ ಅಂತ ನಮ್ಮವರ ವಾದ. ಆಗ ಐಎಸ್‌ಎಲ್‌ನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ, ಇರಲಿಲ್ಲ, ಹಾಗಾಗಿ ಇನ್ನೊಮ್ಮೆ ನೋಡುವ ದಾರಿಯೇ ಇರಲಿಲ್ಲ. ಶೂಟೌಟ್‌ನಲ್ಲಿ 3-4ರಿಂದ ಸೋತೆವು. ಅವತ್ತು ಜನ ಎಷ್ಟು ಸಿಟ್ಟಾಗಿದ್ದರು ಅಂದರೆ ಬೆಳಗಾಗುವವರೆಗೂ ಆ ಒಂದೇ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ, ಗೆರೆ ಎಳೆದು, ದೊಡ್ಡದು ಮಾಡಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಆ ಸಿಟ್ಟು ನ್ಯಾಯವೇ. ಚಾಂಪಿಯನ್ ಯಾರು ಅಂತ ನಿರ್ಧಾರವಾಗುವ ಪಂದ್ಯದಲ್ಲಿ ಇನ್ನೊಂದು ಸಲ ನೋಡಿ ಹೇಳುವ ವ್ಯವಸ್ಥೆ ಬೇಕೇ ಬೇಕು, ಇದು ಎಲ್ಲಾ ತಂಡದವರಿಗೂ ಬೇಕು. ಆದರೆ ಶೂಟೌಟ್‌ನಲ್ಲಿ ಬ್ರೂನೊ ರಮಿರೆಸ್ ಹೊಡೆದ ಚೆಂಡನ್ನು ವಿಶಾಲ್ ಕೈತ್ ತಡೆದಿದ್ದು, ಪಾಬ್ಲೊ ಪೆರೆಜ್ ಹೊಡೆದಿದ್ದು ಕಂಬದ ಮೇಲೆ ಹೋಗಿದ್ದು, ಇವೂ ಆದವು. ಅದನ್ನು ರೆಫರಿ ಮಾಡಲಿಲ್ಲ. ಇದನ್ನು ಹೇಳಿದರೆ ಗೆಳೆಯರೇ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡರೂ ಪರವಾಗಿಲ್ಲ. ಕೈತ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು.

2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಐಎಸ್‌ಎಲ್ ಫೈನಲ್, ಮತ್ತೆ ಬಾಗಾನ್ ಎದುರು, ಮತ್ತೆ ಹೆಚ್ಚುವರಿ ಸಮಯ, 1-2ರಿಂದ ಮತ್ತೆ ಸೋಲು. ಆ ಗಾಯ ಇನ್ನೂ ಹಸಿಯಾಗಿದೆ, ಅದರ ಬಗ್ಗೆ ಜಾಸ್ತಿ ಹೇಳುವುದು ಬೇಡ.

ಇಷ್ಟು ಹೊತ್ತು ಹೇಳಿದ ಪಂದ್ಯಗಳೆಲ್ಲ ಬದುಕಿರುವುದು ಯಾಕೆ ಗೊತ್ತಾ? ಅತ್ತವರು, ಬೈದವರು, ಕುಣಿದವರು ಇದ್ದಾರೆ, ಅವರು ಹೇಳುತ್ತಲೇ ಇದ್ದಾರೆ. ಆದರೆ ನಮ್ಮದೇ ಇನ್ನೊಂದು ಫೈನಲ್ ಇದೆ, ಅದನ್ನು ಹೇಳುವವರು ಬಹಳ ಕಡಿಮೆ. ಅದು ನನಗೆ ನಿಜವಾಗಿಯೂ ಸಂಕಟದ ವಿಷಯ.

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಚೆಟ್ರಿ ಬೇಗನೆ ಹೊಡೆದ ಫ್ರೀ ಕಿಕ್ ಗೋಲಾಯಿತು, ಕೇರಳದ ತಂಡ ಮೈದಾನ ಬಿಟ್ಟು ಹೊರನಡೆಯಿತು. ಮಾರನೆಯ ದಿನ ಊರಿಗೆಲ್ಲ ಅದೇ ಮಾತು. ಆ ಮಾರನೆಯ ದಿನವೇ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಮ್ಮ ರಾಜ್ಯದ ತಂಡ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯ, ಫೈನಲ್ ಆಡುತ್ತಿತ್ತು. ಕರ್ನಾಟಕ ಮತ್ತು ಮೇಘಾಲಯ. ನಾವು ಕೊನೆಯ ಸಲ ಈ ಟ್ರೋಫಿ ಗೆದ್ದಿದ್ದು 1968-69ರಲ್ಲಿ, ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಮೇಘಾಲಯಕ್ಕೆ ಅದು ಮೊಟ್ಟಮೊದಲ ಫೈನಲ್. ಕಿಂಗ್ ಫಹದ್ ಕ್ರೀಡಾಂಗಣ ಬಹಳ ದೊಡ್ಡದು, ಅವತ್ತು ಅದರ ಬಹುಪಾಲು ಕುರ್ಚಿ ಖಾಲಿ. ಗೋಲು ಹೊಡೆದವರ ಹೆಸರು ಕೂಗಲು ಒಂದು ವೆಸ್ಟ್ ಬ್ಲಾಕ್ ಅಲ್ಲಿರಲಿಲ್ಲ.

ಅದಕ್ಕೇ ಆ ಪಂದ್ಯವನ್ನು ಈಗ ನಾನೇ ಹೇಳುತ್ತೇನೆ, ನೀವು ಕೇಳಿ.

ಎರಡನೇ ನಿಮಿಷದಲ್ಲೇ ಸುನಿಲ್ ಕುಮಾರ್ ಗೋಲು ಹೊಡೆದರು. ಇನ್ನೂ ಜನ ಸರಿಯಾಗಿ ಕೂತಿರಲಿಕ್ಕಿಲ್ಲ. ಒಂಬತ್ತನೇ ನಿಮಿಷದಲ್ಲಿ ಮೇಘಾಲಯಕ್ಕೆ ಪೆನಾಲ್ಟಿ, 1-1. ಹತ್ತೊಂಬತ್ತನೇ ನಿಮಿಷದಲ್ಲಿ ಬೆಕೆ ಓರಂ ಹೊಡೆದರು, 2-1. ಮೊದಲಾರ್ಧ ಮುಗಿಯುವ ಹೊತ್ತಿಗೆ ನಮಗೊಂದು ಫ್ರೀ ಕಿಕ್, ರಾಬಿನ್ ಯಾದವ್ ಅದನ್ನು ನೇರವಾಗಿ ಗೋಲಿಗೆ ಕಳಿಸಿದರು, 3-1. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. 60ನೇ ನಿಮಿಷದಲ್ಲಿ ಮೇಘಾಲಯದ ಶೀನ್ ಸ್ಟೀವನ್‌ಸನ್ ಇನ್ನೊಂದು ಹೊಡೆದರು, 3-2. ಅಲ್ಲಿಂದ ಮುಂದೆ ಪೂರ್ತಿ ಅರ್ಧ ಗಂಟೆ, ಒಂದೇ ಗೋಲಿನ ಅಂತರ. ಮೇಘಾಲಯಕ್ಕೆ ಒಂದು ಗೋಲು ಸಿಕ್ಕಿದ್ದರೆ ಸಾಕಿತ್ತು, ನಮ್ಮ ಹುಡುಗರು ಕೊಡಲಿಲ್ಲ. 2018ರಲ್ಲಿ ಕಂಠೀರವದಲ್ಲಿ ಯಾವ ಅಂಕಿ ನಮ್ಮನ್ನು ಅಳಿಸಿತ್ತೋ ಅದೇ 3-2, ಈ ಸಲ ನಮ್ಮ ಕಡೆಗೆ. ಕೋಚ್ ರವಿ ಬಾಬು ರಾಜು ಅವರ ತಂಡ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದಿತು.

ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್. ಮುಂದಿನ ಸಲ ಟೀ ಅಂಗಡಿಯಲ್ಲಿ ಫೈನಲ್‌ಗಳ ಮಾತು ಬಂದರೆ ಈ ಮೂರು ಹೆಸರನ್ನೂ ಸೇರಿಸಿ ಹೇಳಿ. ನಮಸ್ಕಾರ.