ನೀಲಿ ಬಣ್ಣ ಬಿಡದ ಮದ್ದು

ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಮಾತಾಡುವುದೆಂದರೆ ಅಡಿಕೆ ತೋಟದಿಂದಲೇ ಶುರು ಮಾಡಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಹೊಡೆಯುತ್ತೇವೆ, ಅಲ್ವಾ? ಮೈಲುತುತ್ತು ಎಲ್ಲಿ ಬಿತ್ತು ಎಂದು ಯಾರೂ ಹೇಳಬೇಕಾಗಿಲ್ಲ. ಕೈ ನೀಲಿ, ಅಂಗಿ ನೀಲಿ, ಅಂಗಳದ ಕಲ್ಲೂ ನೀಲಿ. ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ 20 ವರ್ಷ ಹಿಡಿದ, ವಿಕಿರಣ ಸೂಸುವ ಮದ್ದಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನೆಲಕ್ಕೆ ಬಿದ್ದರೆ ಬರೀ ನೀರು.

ಬೆಳಿಗ್ಗೆ ನಮ್ಮ ಮೊದಲ ಕೆಲಸ ಕರೆಯುವುದು. ಹೌದು, ಹಸು ಕರೆಯುವುದು ಅಂತಲೇ ನಾವು ಹೇಳುವುದು. ನಮ್ಮ ಹಸು ಅಂದರೆ ಸೀಸದ ಕವಚದ ಒಂದು ಯಂತ್ರ, ಅದರೊಳಗೆ ವಿಕಿರಣ ಸೂಸುವ ಮಾಲಿಬ್ಡಿನಮ್-99 ಇರುತ್ತದೆ. ಅದು ಒಳಗೊಳಗೇ ಟೆಕ್ನೀಷಿಯಮ್-99ಎಮ್ ಆಗುತ್ತಿರುತ್ತದೆ. ಸಲೈನ್ ಹಾಯಿಸಿದರೆ ಟೆಕ್ನೀಷಿಯಮ್ ಬಾಟಲಿಗೆ ಇಳಿಯುತ್ತದೆ. ಮೂಳೆ ಸ್ಕ್ಯಾನಿಗೆ, ಹೃದಯದ ಸ್ಕ್ಯಾನಿಗೆ ಅದೇ. ಮಾಲಿಬ್ಡಿನಮ್ 66 ಗಂಟೆಗೆ ಅರ್ಧವಾಗುತ್ತದೆ, ಟೆಕ್ನೀಷಿಯಮ್ 6 ಗಂಟೆಗೆ. ಹಾಗಾಗಿ ದಿನ ಹೋದಂತೆ ಹಾಲು ಕಮ್ಮಿ.

ನಮ್ಮ ರಕ್ಷಣೆಗೆ ಏನು ಬೇಕೋ ಎಲ್ಲ ಇದೆ. ಬೇಗ ಮುಗಿಸು, ದೂರ ನಿಲ್ಲು, ನಡುವೆ ಸೀಸ ಇಡು. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಉದ್ದ ಚಿಮಟ. ಸಿರಿಂಜಿಗೂ ಟಂಗ್‌ಸ್ಟನ್ ಕವಚ. ಎದೆಗೆ ಮೈಗೆ ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್, ಬೆರಳಿಗೆ ಅದನ್ನೇ ಅಳೆಯುವ ಉಂಗುರ. ಆದರೆ ನೆಲ ಒರೆಸಲು ಬರುವ ಅಕ್ಕನಿಗೆ ಏನಿದೆ?

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಒಮ್ಮೆ ಹೊಸ ಹುಡುಗನ ಕೈಯಿಂದ ಟೆಕ್ನೀಷಿಯಮ್ ನೆಲಕ್ಕೆ ಚೆಲ್ಲಿತು. ಚಮಚದಷ್ಟೂ ಇಲ್ಲ. ಅವನು ಗಾಬರಿಯಾಗಿ ನನ್ನನ್ನು ಕರೆಯಲು ಓಡಿದ. ನಾವು ಬರುವಷ್ಟರಲ್ಲಿ ಅಕ್ಕ ಒದ್ದೆ ಮಾಪ್ ಹಾಕಿ ಒರೆಸಿ, ಅದೇ ಮಾಪಿನಲ್ಲಿ ಕಾರಿಡಾರನ್ನೂ ಒರೆಸಿದ್ದರು. ವಿಕಿರಣ ಅಳೆಯುವ ಮೀಟರ್ ಹಿಡಿದು ನಡೆದೆ. ಕಟಕಟ ಶಬ್ದ ಲಿಫ್ಟಿನ ತನಕ ಬಂತು. ಕೊನೆಗೆ ಅವರ ಹವಾಯಿ ಚಪ್ಪಲಿಯಲ್ಲೂ ಕಟಕಟ. ಬಾಗಿಲ ಮೇಲೆ ಬೋರ್ಡ್ ಇರಲಿಲ್ಲವೇ ಎಂದು ಯಾರೋ ಗದರಿದರು. ಬೋರ್ಡ್ ಇತ್ತು, ಇಂಗ್ಲಿಷಿನಲ್ಲಿ. ಹಳದಿ ಮೇಲೆ ವಿಕಿರಣದ ಮೂರು ರೆಕ್ಕೆಯ ಗುರುತೂ ಇತ್ತು. ಅಕ್ಕ ತುಳುವಿನಲ್ಲಿ ಮೆಲ್ಲಗೆ ಹೇಳಿದರು: ಅದು ಫ್ಯಾನಿನ ಚಿತ್ರ ಅಂತ ಎಣಿಸಿದ್ದೆ.

ನಾನು ಅವರನ್ನು ದೂರಲಾರೆ. ಚೆಲ್ಲಿದಾಗ ಹುಡುಗ ಅಲ್ಲೇ ನಿಂತು ಯಾರನ್ನೂ ಹತ್ತಿರ ಬಿಡಬಾರದಿತ್ತು. ಕಾಗದ ಹಾಸಿ, ಅಂಚಿನಿಂದ ನಡುವಿಗೆ ಒತ್ತಿ ತೆಗೆಯಬೇಕಿತ್ತು. ಉಜ್ಜಲೇಬಾರದು. ಇದನ್ನು ಅಕ್ಕನಿಗೂ ಹೇಳಿಕೊಡಬೇಕಿತ್ತು, ಅವರ ಮಾತಿನಲ್ಲಿ. ಚಪ್ಪಲಿ ಪ್ಲಾಸ್ಟಿಕ್ ಚೀಲ ಸೇರಿತು. ಮೂರನೇ ದಿನ ಅಳೆದು ವಾಪಸ್ ಕೊಟ್ಟೆವು.

1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿ ಒಂದೇ ವಾರ್ಡಿನಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಕೇಳುತ್ತದೆ. ಗೋಡೆ ಮಾತ್ರ ಇಂಗ್ಲಿಷ್ ಮಾತಾಡಿದರೆ ಹೇಗೆ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ಊರು ಇದು. ಇಲ್ಲಿಯ ಜನರ ಭಯವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಏನು, ಎಷ್ಟು, ಎಷ್ಟು ದಿನ ಎಂದು ಅರ್ಥವಾಗುವ ಹಾಗೆ ಹೇಳಬೇಕು.

ಹೇಳದಿದ್ದರೆ ಇನ್ನೊಂದು ಥರದ ತೊಂದರೆ. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ತೆಗೆದುಕೊಂಡು ಮನೆಗೆ ಬಂದ ಒಬ್ಬ ತಾಯಿಯನ್ನು ಮನೆಯವರು ಎರಡು ತಿಂಗಳು ತೋಟದ ಶೆಡ್ಡಿನಲ್ಲಿ ಮಲಗಿಸಿದ್ದರು. ಅಷ್ಟು ದಿನ ಬೇಡವಾಗಿತ್ತು. ಆ ಅಯೋಡಿನ್ 8 ದಿನಕ್ಕೆ ಅರ್ಧವಾಗುತ್ತದೆ. ಅದಲ್ಲದೆ ಹೆಚ್ಚಿನ ಪಾಲು ಮೊದಲ ಎರಡು ಮೂರು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ. ನೀರು ಜಾಸ್ತಿ ಕುಡಿಯಬೇಕು, ಟಾಯ್ಲೆಟ್ಟಿಗೆ ಎರಡು ಸಲ ನೀರು ಬಿಡಬೇಕು. ಆಸ್ಪತ್ರೆ ಹೇಳಿದಷ್ಟು ದಿನ ಬೇರೆ ಮಲಗಬೇಕು, ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ಅಷ್ಟೇ.

ಸಮಯ ಆಯಿತು ಎಂದು ಚೀಟಿ ಬಂತು. ಈ ಮದ್ದು ತಾಗಿದ ಕಸದ ವಿಷಯ ಓಡಿಸಿ ಹೇಳುತ್ತೇನೆ. ಹತ್ತು ಸಲ ಅರ್ಧವಾದರೆ ಸಾವಿರದಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಅಷ್ಟಕ್ಕೆ ಟೆಕ್ನೀಷಿಯಮ್ಮಿಗೆ 60 ಗಂಟೆ, ಅಯೋಡಿನ್ನಿಗೆ 80 ದಿನ ಬೇಕು. ಚೀಲದ ಮೇಲೆ ತಾರೀಕು ಬರೆಯಿರಿ. ಹೊರಗೆ ಹಾಕುವ ಮೊದಲು ಅಳೆಯಿರಿ, ಚೀಲದ ಮೇಲಿನ ವಿಕಿರಣದ ಗುರುತನ್ನು ಕಿತ್ತುಹಾಕಿ. ಅಯೋಡಿನ್ ಆವಿಯಾಗುತ್ತದೆ, ಬಾಟಲಿಯನ್ನು ಆವಿ ಎಳೆದುಕೊಳ್ಳುವ ಫ್ಯೂಮ್ ಹುಡ್ಡಿನೊಳಗೇ ತೆರೆಯಿರಿ.

ಬಾಗಿಲ ಹತ್ತಿರ ಕನ್ನಡದಲ್ಲೂ ಮಲಯಾಳದಲ್ಲೂ ಬರೆದ ಕಾರ್ಡುಗಳಿವೆ. ನಿಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವರಿಗೂ ಒಂದು ಒಯ್ಯಿರಿ. ತುಳುವಿನಲ್ಲಿ ಬೇಕಾದವರು ಇಲ್ಲೇ ಇರಿ, ನಾನೇ ಓದಿ ಹೇಳುತ್ತೇನೆ.