ಮಾಗಿಯ ಚಳಿಗೆ ಕುದುರೆಯ ರಗ್ಗು: ಎಷ್ಟು ಗ್ರಾಂ ಬೇಕು?

ಕೇಳುಗರಿಗೆ ನಮಸ್ಕಾರ.

ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡಲದಂಡೆಯಲ್ಲಿ ಸವಾರಿಗೆ ಕುದುರೆ ಇಟ್ಟುಕೊಂಡವರು ಇದ್ದಾರೆ. ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರಿದ್ದಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆ ತೋಟದ ಮನೆಯಲ್ಲಿ ಆಸೆಯಿಂದ ಒಂದೆರಡು ಕುದುರೆ ಸಾಕಿದವರೂ ಇದ್ದಾರೆ. ದೀಪಾವಳಿ ಕಳೆದು ಚಳಿ ಬಿದ್ದಕೂಡಲೇ ಇವರೆಲ್ಲರಿಗೂ ಒಂದೇ ಯೋಚನೆ: ಕುದುರೆಗೆ ಎಷ್ಟು ದಪ್ಪದ ರಗ್ಗು ತರಿಸಬೇಕು? ಅಂತರ್ಜಾಲದಲ್ಲಿ ಹುಡುಕಿದರೆ 300 ಗ್ರಾಂ, 400 ಗ್ರಾಂ ರಗ್ಗುಗಳ ಚಿತ್ರ ಬರುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನಿಸಿಬಿಡುತ್ತದೆ. ನಮ್ಮ ಜಿಲ್ಲೆಯ ಕುದುರೆಗೆ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಮೊದಲು ಆ ಗ್ರಾಂ ಲೆಕ್ಕ ತಿಳಿದುಕೊಳ್ಳೋಣ. ಅದು ಇಡೀ ರಗ್ಗಿನ ತೂಕವಲ್ಲ. ಹೊರಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ತುಂಬಿದ ಪಾಲಿಯೆಸ್ಟರ್ ಎಳೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಇದೆ ಎಂಬುದು. 4 ಚದರ ಮೀಟರ್ ಬಟ್ಟೆಯ ರಗ್ಗಿಗೆ 200 ಗ್ರಾಂ ಎಂದು ಬರೆದಿದ್ದರೆ ಒಳಗೆ ತುಂಬಿದ್ದು 800 ಗ್ರಾಂ. ಸೊನ್ನೆ ಗ್ರಾಂ ಎಂದರೆ ತುಂಬಿದ್ದು ಏನೂ ಇಲ್ಲ, ನೀರು ತಡೆಯುವ ಬರೀ ಬಟ್ಟೆ. 50ರಿಂದ 100 ಹಗುರ, 150ರಿಂದ 250 ಮಧ್ಯಮ, 300ರ ಮೇಲೆ ಭಾರದ್ದು. ಪಕ್ಕದಲ್ಲೇ 600, 1200, 1680 ಡೆನಿಯರ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದು ಹೊರಬಟ್ಟೆಯ ನೂಲಿನ ದಪ್ಪ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಅಳತೆ. ಬೆಚ್ಚಗಿಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಮುಳ್ಳುಬೇಲಿ, ಲಂಟಾನದ ನಡುವೆ ಮೇಯುವ ಕುದುರೆಗೆ 600 ಡೆನಿಯರ್ ಬಟ್ಟೆ ಬೇಗ ಹರಿಯುತ್ತದೆ, 1200 ತಗೊಳ್ಳುವುದು ಲೇಸು.

ಇನ್ನು ಚಳಿಯ ಮಾತು. ಆರೋಗ್ಯವಂತ, ಮೈಕೈ ತುಂಬಿಕೊಂಡ ದೊಡ್ಡ ಕುದುರೆಗೆ ಮೈ ಒಣಗಿದ್ದು ಗಾಳಿ ಇಲ್ಲದಿದ್ದರೆ ಸುಮಾರು 5 ಡಿಗ್ರಿಯಿಂದ 25 ಡಿಗ್ರಿವರೆಗೆ ಯಾವ ತ್ರಾಸವೂ ಇಲ್ಲ. ಕಾರವಾರದಲ್ಲಿ ಮಾಗಿಯ ನಸುಕಿನಲ್ಲೂ ಉಷ್ಣತೆ ಹೆಚ್ಚಾಗಿ 20ರ ಆಸುಪಾಸಿನಲ್ಲೇ ಇರುತ್ತದೆ, ಮಧ್ಯಾಹ್ನ 30 ದಾಟುತ್ತದೆ. ಶಿರಸಿಯಲ್ಲಿ ಬೆಳಗಿನ ಜಾವ 13, 14ಕ್ಕೆ ಇಳಿಯುವುದುಂಟು. ಜೋಯಿಡಾ ಕಾಡಿನ ನಡುವಿನ ತಗ್ಗಿನಲ್ಲಿ ಇನ್ನೂ ಕಡಿಮೆ. ನಮಗೆ ಹಲ್ಲು ಕಟಕಟ ಎನ್ನುವ ಆ ಹೊತ್ತು ಕುದುರೆಗೆ ಹಿತವಾದ ಹೊತ್ತು. ನಮ್ಮ ಚಳಿಯನ್ನು ಕುದುರೆಯ ಮೇಲೆ ಹೊದೆಸಬಾರದು.

ಹಾಗಾದರೆ ರಗ್ಗೇ ಬೇಡವೇ? ಕೆಲವಕ್ಕೆ ಬೇಕು. ಚಳಿಗಿಂತ ಹೆಚ್ಚಾಗಿ ಒದ್ದೆ ಮತ್ತು ಗಾಳಿ ಕುದುರೆಯನ್ನು ಕಾಡುತ್ತವೆ. ಕೂದಲು ನಿಮಿರಿದಾಗ ಅದರ ನಡುವೆ ಗಾಳಿ ನಿಂತು ಮೈಬಿಸಿ ಉಳಿಯುತ್ತದೆ. ಇಬ್ಬನಿ ಸುರಿದು ಕೂದಲು ಚರ್ಮಕ್ಕೆ ಅಂಟಿದರೆ ಆ ಗಾಳಿಯ ಪದರ ಇಲ್ಲವಾಗುತ್ತದೆ. ಘಟ್ಟದ ಮೇಲೆ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹನಿಹನಿಯಾಗಿ ಸೋಗೆಯಿಂದ ತೊಟ್ಟಿಕ್ಕುವಷ್ಟು ಬೀಳುತ್ತದೆ. ಬಯಲಿನಲ್ಲಿ ಕಟ್ಟಿದ ಕುದುರೆ ಬೆಳಿಗ್ಗೆ ತೊಯ್ದು ನಿಂತಿರುತ್ತದೆ. ಅದಕ್ಕೆ ಬೇಕಾದದ್ದು ದಪ್ಪ ರಗ್ಗಲ್ಲ, ತಲೆಯ ಮೇಲೊಂದು ಮಾಡು. ಮಾಡು ಇಲ್ಲದಿದ್ದರೆ ಸೊನ್ನೆ ಗ್ರಾಮಿನ, ನೀರು ತಡೆದು ಒಳಗಿನ ಬೆವರನ್ನು ಹೊರಬಿಡುವ ಬಟ್ಟೆ.

ನಮ್ಮ ಕಡೆಯ ಇನ್ನೊಂದು ವಿಶೇಷ ನೋಡಿ. ಕುದುರೆಯ ಚಳಿಗಾಲದ ಕೂದಲು ಬೆಳೆಯುವುದು ಮುಖ್ಯವಾಗಿ ಹಗಲಿನ ಉದ್ದ ನೋಡಿಕೊಂಡು. ಉತ್ತರದ ದೇಶಗಳಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹಗಲಿನಲ್ಲಿ ಎಂಟೊಂಬತ್ತು ತಾಸು ವ್ಯತ್ಯಾಸ ಆಗುತ್ತದೆ. ಕಾರವಾರದಲ್ಲಿ ಅತಿ ಉದ್ದದ ಹಗಲು ಸುಮಾರು 13 ತಾಸು, ಅತಿ ಚಿಕ್ಕದು 11 ತಾಸು ಚಿಲ್ಲರೆ. ಅದಕ್ಕೇ ನಮ್ಮ ಕುದುರೆಗಳಿಗೆ ಅಷ್ಟು ಒತ್ತಾದ ಚಳಿಗೂದಲು ಬರುವುದಿಲ್ಲ. ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳ ಚರ್ಮ ಮೊದಲೇ ತೆಳು. ಅವು ಘಟ್ಟದ ಮೇಲೆ ಬಂದ ಮೊದಲ ಎರಡು ಮೂರು ವಾರ, ಮೈ ಹೊಂದಿಕೊಳ್ಳುವವರೆಗೆ, ರಾತ್ರಿ 50 ಗ್ರಾಮಿನದ್ದು ಹೊದ್ದರೆ ತಪ್ಪಿಲ್ಲ. ಪಕ್ಕೆಲುಬು ಕಾಣುವ ಬಡಕಲು ಕುದುರೆಗೆ, 20 ವರ್ಷ ದಾಟಿದ ಮುದಿ ಕುದುರೆಗೆ, ಜ್ವರದಿಂದ ಏಳುತ್ತಿರುವುದಕ್ಕೆ ಶಿರಸಿಯ ಮಟ್ಟದ ಚಳಿಗೆ 100 ಗ್ರಾಂ ಸಾಕು. ಜೋಯಿಡಾದ ಗಾಳಿಬಾಯಿಯ ಲಾಯದಲ್ಲಿ ಕಾಯಿಲೆಯ ಕುದುರೆ ಇದ್ದರೆ ಹೆಚ್ಚೆಂದರೆ 150. ಅದಕ್ಕಿಂತ ಮೇಲಿನದು ಈ ಜಿಲ್ಲೆಗೆ ಬೇಡ. 300, 400 ಗ್ರಾಮಿನದಕ್ಕೆ ಹಾಕುವ ಹಣದಲ್ಲಿ ಹುಲ್ಲು ಕೊಳ್ಳಿ.

ಎಳೆ ಮರಿಯ ಲೆಕ್ಕ ಮಾತ್ರ ಬೇರೆ. ಹುಟ್ಟಿದ ಮೊದಲ ಕೆಲವು ದಿನ ಮರಿಗೆ ಸುಮಾರು 20 ಡಿಗ್ರಿಗಿಂತ ಕೆಳಗೆ ಬಂದರೇ ಚಳಿ ತಾಗಲು ಶುರು. ಮಾಗಿಯಲ್ಲಿ ಮರಿ ಬಿದ್ದರೆ ಮೈ ಒರೆಸಿ ಒಣಗಿಸಿ, ಗಾಳಿ ಬಾರದ ಮೂಲೆಯಲ್ಲಿ ದಪ್ಪ ಹುಲ್ಲು ಹಾಸಿ, ಗಿಣ್ಣುಹಾಲು ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳಿ.

ಹುಲ್ಲಿನ ಮಾತು ಬಂತು. ಕುದುರೆಯ ಒಲೆ ಇರುವುದು ಅದರ ದೊಡ್ಡ ಕರುಳಿನಲ್ಲಿ. ಒಣಹುಲ್ಲಿನ ನಾರು ಅಲ್ಲಿ ಹುದುಗುವಾಗ ಬಿಸಿ ಹುಟ್ಟುತ್ತದೆ, ರಾತ್ರಿಯಿಡೀ ಹುಟ್ಟುತ್ತಲೇ ಇರುತ್ತದೆ. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ಬೇಕು. 400 ಕಿಲೋ ಕುದುರೆಗೆ 6ರಿಂದ 8 ಕಿಲೋ. ಚಳಿ ಜೋರಾದ ದಿನ ಇನ್ನೊಂದೆರಡು ಕಿಲೋ ಬೇಣದ ಒಣ ಕರಡವನ್ನು ಸಂಜೆ ಹೊತ್ತು ಹಾಕಿ. ಬರೀ ಭತ್ತದ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಒರಟು ಹುಲ್ಲು ಒಮ್ಮೆಲೇ ಜಾಸ್ತಿ ತಿಂದು ನೀರು ಕಡಿಮೆ ಕುಡಿದರೆ ಕರುಳು ಕಟ್ಟಿಕೊಳ್ಳುತ್ತದೆ. ಚಳಿ ಎಂದು ಹುರುಳಿ ದುಪ್ಪಟ್ಟು ಮಾಡುವವರಿದ್ದಾರೆ. ನಾರು ಕೊಡುವಷ್ಟು ಬಿಸಿಯನ್ನು ಕಾಳು ಕೊಡುವುದಿಲ್ಲ, ಹಠಾತ್ತನೆ ಹೆಚ್ಚಿಸಿದರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ ಗ್ಯಾರಂಟಿ ಎನ್ನುವಷ್ಟು ಹತ್ತಿರ. ಏನೇ ಬದಲಿಸಿದರೂ ಏಳರಿಂದ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ.

ರಗ್ಗು ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಕಿವಿ, ಕಾಲು ಮುಟ್ಟಿ ನೋಡಿದರೆ ಸಾಲದು, ಅವು ಬೇಗ ತಣ್ಣಗಾಗುವ ಜಾಗಗಳು. ಅಂಗೈಯನ್ನು ರಗ್ಗಿನ ಒಳಗೆ ಭುಜದ ಹಿಂದಕ್ಕೆ ಜಾರಿಸಿ ಒಂದು ನಿಮಿಷ ಇಡಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ತೇವ ತಾಗಿದರೆ ರಗ್ಗು ಹೆಚ್ಚಾಯಿತು. ಮೈ ತಣ್ಣಗಿದ್ದು, ಬಾಲ ಒಳಕ್ಕೆ ಸೆಳೆದುಕೊಂಡು, ಬೆನ್ನು ಕುಗ್ಗಿಸಿ ನಡುಗುತ್ತಿದ್ದರೆ ಕಡಿಮೆಯಾಯಿತು. ಇನ್ನೊಂದು ಸೂಕ್ಷ್ಮ ಇದೆ: ತೀರಾ ತೆಳು ರಗ್ಗು ಕೂದಲನ್ನು ಒತ್ತಿ ಮಲಗಿಸಿ, ಇದ್ದ ಗಾಳಿಯ ಪದರವನ್ನೂ ಕಳೆಯಬಹುದು. ಒಣ ರಾತ್ರಿಯಲ್ಲಿ ಅಂಥ ರಗ್ಗಿಗಿಂತ ಬರಿಮೈಯೇ ಬೆಚ್ಚಗೆ.

ನಮ್ಮಲ್ಲಿ ಅತಿ ಹೆಚ್ಚು ಆಗುವ ತಪ್ಪು ಬೆಳಿಗ್ಗೆಯದು. ಶಿರಸಿಯಲ್ಲಿ ಏಳು ಗಂಟೆಗೆ 14 ಡಿಗ್ರಿ ಇದ್ದದ್ದು ಹತ್ತು ಹನ್ನೊಂದರ ಹೊತ್ತಿಗೆ 25 ದಾಟುತ್ತದೆ. ಕೆಲಸದವರು ಬರುವುದು ತಡವಾಗಿ ರಗ್ಗು ಮೈಮೇಲೇ ಉಳಿದರೆ ಕುದುರೆ ಒಳಗೊಳಗೇ ಬೆವರುತ್ತದೆ. ಸಂಜೆ ಅದೇ ಒದ್ದೆ ಅಸ್ತರಿನಲ್ಲಿ ತಣ್ಣಗಾಗುತ್ತದೆ. ನಾಲ್ಕಾರು ದಿನ ಹೀಗಾದರೆ ಬೆನ್ನಿನ ಮೇಲೆ ಸಣ್ಣ ಹಕ್ಕಳೆ ಏಳುತ್ತದೆ. ಎತ್ತಿದರೆ ಕೂದಲ ಗೊಂಚಲು ಬಣ್ಣದ ಕುಂಚದ ಹಾಗೆ ಬುಡಸಮೇತ ಕೈಗೆ ಬರುತ್ತದೆ. ಡರ್ಮಟೋಫೈಲಸ್ ಎಂಬ ಬ್ಯಾಕ್ಟೀರಿಯಾದ ಕೆಲಸ ಅದು, ತೇವ ಇದ್ದಲ್ಲೇ ಬೆಳೆಯುತ್ತದೆ. ಹಾಗಾದರೆ ರಗ್ಗು ಬಿಟ್ಟು ಮೈ ಒಣಗಲು ಬಿಡಿ, ಪಶುವೈದ್ಯರಿಗೆ ತೋರಿಸಿ, ಆ ರಗ್ಗನ್ನು ತೊಳೆಯದೆ ಇನ್ನೊಂದು ಕುದುರೆಗೆ ಹಾಕಬೇಡಿ. ರಾತ್ರಿ ಊಟ ಮುಗಿಸಿ ಹೊದೆಸಿ, ಬಿಸಿಲು ಅಂಗಳಕ್ಕೆ ಇಳಿಯುವ ಮೊದಲೇ ತೆಗೆಯಿರಿ. ತೆಗೆಯಲು ಆಳಿಲ್ಲ ಎಂದಾದರೆ ಹೊದೆಸಲೇಬೇಡಿ.

ಕರಾವಳಿಯವರಿಗೆ ಉಪ್ಪಿನ ತೊಂದರೆ ಬೇರೆ. ಸಂಜೆ ದಂಡೆಯಲ್ಲಿ ಓಡಾಡಿ ಬಂದ ಕುದುರೆಯ ಮೈಮೇಲೆ ಬೆವರೂ ಕಡಲ ನೀರೂ ಸೇರಿರುತ್ತದೆ. ಉಪ್ಪು ಗಾಳಿಯ ತೇವ ಹೀರಿ ಚರ್ಮ ಒಣಗಲು ಬಿಡುವುದಿಲ್ಲ, ಅಸ್ತರಿಗೆ ಹತ್ತಿದರೆ ಬಟ್ಟೆ ಬಿರುಸಾಗಿ ಭುಜ ಉಜ್ಜುತ್ತದೆ. ಹತ್ತು ಹದಿನೈದು ನಿಮಿಷ ನಡೆಸಿ, ಸಿಹಿನೀರಿನಿಂದ ತೊಳೆದು, ನೀರು ಬಳಿದು ತೆಗೆದು, ಪೂರ್ತಿ ಒಣಗಿಸಿ. ಘಟ್ಟದ ಮೇಲೆ ಕತ್ತಲಾದ ಮೇಲೆ ಒದ್ದೆಯಾಗಿ ಬಂದ ಕುದುರೆಗೆ ಹಳೇ ಉಪಾಯ ಒಂದಿದೆ: ಬೆನ್ನುದ್ದಕ್ಕೂ ಒಣಹುಲ್ಲು ಹರಡಿ ಮೇಲೆ ಗೋಣಿತಾಟು ಹಾಕುವುದು. ಹುಲ್ಲಿನ ಸಂದಿನಿಂದ ಹಬೆ ಹೊರಬಿದ್ದು ಒಂದೆರಡು ತಾಸಿನಲ್ಲಿ ಮೈ ಒಣಗುತ್ತದೆ. ಆಮೇಲೆ ಎರಡನ್ನೂ ತೆಗೆದುಬಿಡಿ. ಗೋಣಿ ಅಕ್ಕಿಯದ್ದಾಗಿರಲಿ. ಗೊಬ್ಬರ, ಸಿಮೆಂಟಿನ ಚೀಲ ಚರ್ಮ ಸುಡುತ್ತದೆ. ಪ್ಲಾಸ್ಟಿಕ್ ತಾಡಪಾಲು ಯಾವತ್ತೂ ಬೇಡ, ಬೆವರು ಒಳಗೇ ನಿಲ್ಲುತ್ತದೆ.

ಅಳತೆ ತೆಗೆಯುವುದು ಎದೆಯ ನಡುವಿನಿಂದ ಪಕ್ಕೆಯ ಮೇಲಾಗಿ ತೊಡೆಯ ಹಿಂತುದಿಯವರೆಗೆ. 183 ಸೆಂಟಿಮೀಟರ್ ಬಂದರೆ ಅದು 6 ಅಡಿ ರಗ್ಗು. ಹೊದೆಸುವಾಗ ಹೆಗಲುಬ್ಬಿನ ಮುಂದೆ ಇಟ್ಟು ಕೂದಲ ಓಟಕ್ಕೆ ಹಿಂದಕ್ಕೆ ಸರಿಸಿ. ಮೊದಲು ಎದೆಯ ಬಕ್ಕಲ್ಲು, ಆಮೇಲೆ ಹೊಟ್ಟೆಯ ಪಟ್ಟಿ, ಕೊನೆಗೆ ಹಿಂಗಾಲಿನದು, ಬಿಚ್ಚುವಾಗ ತಿರುಗುಮುರುಗು. ಮುಂದಿನದು ಬಿಚ್ಚಿ ಹಿಂದಿನದು ಉಳಿದಾಗ ಕುದುರೆ ಬೆದರಿದರೆ ರಗ್ಗು ಹಿಂದಕ್ಕೆ ಜಾರಿ ಹಿಂಗಾಲಿಗೆ ಸುತ್ತಿಕೊಳ್ಳುತ್ತದೆ. ಹೊಟ್ಟೆಗೂ ಪಟ್ಟಿಗೂ ನಡುವೆ ಒಂದು ಅಂಗೈ ಅಗಲ ಇರಲಿ.

ಡಿಸೆಂಬರಿನಿಂದ ಮೇ ತನಕ ಶಿರಸಿ, ಸಿದ್ದಾಪುರದ ಕಾಡಂಚಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ. ರಗ್ಗನ್ನು ಕಾಡಿನ ನೆಲದ ಮೇಲೆ ಎಸೆಯಬೇಡಿ, ಕಾಡಿನ ದರಕು ತಂದು ಲಾಯಕ್ಕೆ ಹಾಸಬೇಡಿ. ಹೊದೆಸುವ ಮುನ್ನ ಕೊಡವಿ, ಅಸ್ತರು ತಿರುವಿ ಉಣುಗು ಇದೆಯೇ ನೋಡಿ. ಹಾಗೆಯೇ ದಿನಕ್ಕೊಮ್ಮೆ ಬೆರಳಿಂದ ಪಕ್ಕೆಲುಬು ತಡವಿ, ಹದಿನೈದು ದಿನಕ್ಕೊಮ್ಮೆ ಎದೆಸುತ್ತಿಗೆ ಟೇಪು ಹಿಡಿಯಿರಿ. ರಗ್ಗಿನ ಅಡಿಯಲ್ಲಿ ಕುದುರೆ ಸೊರಗಿದ್ದು ಕಣ್ಣಿಗೆ ಬೀಳುವುದಿಲ್ಲ.

ಶಿವರಾತ್ರಿ ಹೊತ್ತಿಗೆ ರಗ್ಗು ಒಳಗಿಡುವ ಸಮಯ. ಬಟ್ಟೆ ಸೋಪಿನ ಪುಡಿ ಹಾಕಿದರೆ ನೀರು ತಡೆಯುವ ಲೇಪ ಹೋಗುತ್ತದೆ. ಬ್ರಷ್ಷಿನಿಂದ ಮಣ್ಣು ಕೊಡವಿ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಅಟ್ಟದ ಮೇಲೆ ಗಾಳಿಯಾಡುವಂತೆ ತೂಗುಹಾಕಿ. ಮುಂದಿನ ದೀಪಾವಳಿಗೆ ಹೊರತೆಗೆದಾಗ ಬೆನ್ನಿನ ಹೊಲಿಗೆಯ ಮೇಲೆ ಒಂದು ಚೊಂಬು ನೀರು ಸುರಿದು ಹತ್ತು ನಿಮಿಷ ಬಿಟ್ಟು ಅಸ್ತರು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಲೇಪ ಮತ್ತೆ ಹಚ್ಚಿಸಿಯೇ ಕುದುರೆಗೆ ಹೊದೆಸಬೇಕು.