ಹಡಗಿಗಿಂತ ಮೊದಲು ನದಿಯನ್ನು ಆರಿಸಿ: ಯುರೋಪಿನ ಮೊದಲ ನದಿಯಾನಕ್ಕೆ ಸಿದ್ಧರಾಗುವವರಿಗೆ

ಎಲ್ಲರಿಗೂ ನಮಸ್ಕಾರ. ಯುರೋಪಿನ ನದಿಗಳಲ್ಲಿ ಒಂದು ವಾರ, ಎರಡು ವಾರ ಸಾಗುವ ಕ್ರೂಸ್‌ಗಳ ಬಗ್ಗೆ ವಿಚಾರಿಸುವ ಕನ್ನಡಿಗರು ಈಗ ಹೆಚ್ಚುತ್ತಿದ್ದಾರೆ. ಮ್ಯೂನಿಕ್, ಫ್ರಾಂಕ್‌ಫರ್ಟ್, ಐಂಡ್‌ಹೋವನ್ ಕಡೆ ಉದ್ಯೋಗದಲ್ಲಿರುವ ಮಕ್ಕಳು ಊರಿನಿಂದ ಬರುವ ತಂದೆತಾಯಿಗಳಿಗೆ ಯುರೋಪನ್ನು ಹೇಗೆ ತೋರಿಸುವುದೆಂದು ಯೋಚಿಸಿದಾಗ, ದಿನಕ್ಕೊಂದು ಹೋಟೆಲ್ ಬದಲಿಸದೆ, ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ಕೂತರೆ ಊರುಗಳೇ ದಡಕ್ಕೆ ಬರುವ ಈ ಪ್ರವಾಸ ಸಹಜವಾಗಿಯೇ ಆಕರ್ಷಕವೆನಿಸುತ್ತದೆ. ಆದರೆ ಹುಡುಕಾಟ ಶುರುವಾಗುವುದು ಬಹುತೇಕ ಸಲ ಹಡಗಿನಿಂದ. ಯಾವ ಕಂಪನಿ, ಕ್ಯಾಬಿನ್ ಎಷ್ಟು ಅಗಲ, ಬಾಲ್ಕನಿ ಇದೆಯೇ, ಊಟ ಹೇಗೆ ಎಂದು ತಿಂಗಳುಗಟ್ಟಲೆ ತೂಗಿ ನೋಡಿದವರೂ ನದಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಕಟ್ಟಿಬಿಡುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನದಿ, ನದಿಯಲ್ಲಿ ಯಾವ ಭಾಗ, ಯಾವ ತಿಂಗಳು ಎಂಬುದನ್ನು ತೀರ್ಮಾನಿಸಿ. ಹಡಗು ಆಮೇಲಿನ ಮಾತು.

ಹೀಗೆ ಹೇಳಲು ಕಾರಣ ಹಡಗುಗಳ ರಚನೆಯಲ್ಲೇ ಇದೆ. ರೈನ್ ನದಿಯನ್ನು ಡ್ಯಾನ್ಯೂಬ್‌ಗೆ ಜೋಡಿಸುವ ಮೈನ್ ನದಿ ಮತ್ತು ಕಾಲುವೆಯ ಲಾಕ್‌ಗಳು, ಅಂದರೆ ನೀರನ್ನು ತುಂಬಿಸಿ ಅಥವಾ ಇಳಿಸಿ ಹಡಗನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಒಯ್ಯುವ ಕಾಂಕ್ರೀಟ್ ತೊಟ್ಟಿಗಳು, ಕೇವಲ 12 ಮೀಟರ್ ಅಗಲವಿವೆ. ಅವುಗಳಲ್ಲಿ ಹಿಡಿಸಬೇಕೆಂದೇ ಬಹುಪಾಲು ಹಡಗುಗಳನ್ನು ಸುಮಾರು 11.4 ಮೀಟರ್ ಅಗಲ, ಹೆಚ್ಚೆಂದರೆ 135 ಮೀಟರ್ ಉದ್ದಕ್ಕೆ ಕಟ್ಟುತ್ತಾರೆ. ವೈಕಿಂಗ್ ಆಗಲಿ, ಆಮಾ ವಾಟರ್‌ವೇಸ್ ಆಗಲಿ, ಅವಲಾನ್ ಆಗಲಿ, ಎಲ್ಲ ಕ್ರೂಸ್ ಕಂಪನಿಗಳವರೂ ಇದೇ ಚೌಕಟ್ಟಿನೊಳಗೆ ನೂರೈವತ್ತರಿಂದ ಇನ್ನೂರರ ಒಳಗಿನ ಪ್ರಯಾಣಿಕರನ್ನು ಕೂರಿಸಬೇಕು. ಕೆಳಗಿನ ಡೆಕ್‌ನ ಕ್ಯಾಬಿನ್‌ನಲ್ಲಿ ಕುಳಿತು ಲಾಕ್ ದಾಟುವಾಗ ಕಿಟಕಿಯಾಚೆ ಕಾಣುವುದು ಒಂದು ಗೇಣಿನಷ್ಟು ದೂರದಲ್ಲಿ ನೀರು ಸೋರುತ್ತಿರುವ, ಪಾಚಿಗಟ್ಟಿದ ಗೋಡೆ ಮಾತ್ರ. ಅದು ನಿಧಾನವಾಗಿ ಕೆಳಗಿಳಿಯುವುದನ್ನು ನೋಡಿದವರಿಗೆ ಈ ಹಡಗುಗಳ ವಿನ್ಯಾಸವನ್ನು ನಿರ್ಧರಿಸುವವರು ಯಾರೆಂದು ಕೂಡಲೇ ಅರ್ಥವಾಗುತ್ತದೆ. ಇದಕ್ಕೆ ಅಪವಾದಗಳೂ ಇವೆ. ಆಮಾ ಮ್ಯಾಗ್ನಾ ಎಂಬ ಹಡಗು 22 ಮೀಟರ್ ಅಗಲವಿದೆ, ಹಾಗಾಗಿಯೇ ಅದು ಅಗಲವಾದ ಲಾಕ್‌ಗಳಿರುವ ಡ್ಯಾನ್ಯೂಬ್ ಬಿಟ್ಟು ಬೇರೆಡೆಗೆ ಬರಲಾರದು. ಕಂಪನಿಗಳ ನಡುವೆ ಊಟೋಪಚಾರ, ಸೇವೆ, ದರಗಳಲ್ಲಿ ವ್ಯತ್ಯಾಸವಿರುವುದು ನಿಜ. ಆದರೆ ನಿಮ್ಮ ಏಳು ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ಅದಕ್ಕಿಂತ ಬಹಳ ಹೆಚ್ಚಾಗಿ ತೀರ್ಮಾನಿಸುವುದು ನೀರು.

ನೀರಿನ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬ್ರೋಷರ್‌ಗಳು ಇದನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ಬಿಟ್ಟಿರುತ್ತವೆ. ನೀರು ಕಡಿಮೆಯಾದರೆ ಹಡಗಿನ ತಳ ತಾಗುತ್ತದೆ, ಹೆಚ್ಚಾದರೆ ಸೇತುವೆಗಳ ಕೆಳಗೆ ನುಸುಳಲು ಜಾಗವಿರುವುದಿಲ್ಲ. ಇವೆರಡರಲ್ಲಿ ಯಾವುದೇ ಆದರೂ, ಹಡಗು ನಿಲ್ಲುತ್ತದೆ. ಜರ್ಮನಿಯ ಕೌಬ್ ಎಂಬ ಪುಟ್ಟ ಊರಿನಲ್ಲಿ ರೈನ್ ನದಿಯ ಮಟ್ಟವನ್ನು ಅಳೆಯುವ ಮಾಪಕವೊಂದಿದೆ. ಅದು ತೋರಿಸುವ ಅಂಕಿ ನದಿಯ ಪೂರ್ಣ ಆಳವಲ್ಲದಿದ್ದರೂ ಮಧ್ಯ ರೈನ್‌ನಲ್ಲಿ ಸಂಚಾರ ಹೇಗಿರುತ್ತದೆಂಬುದನ್ನು ಎಲ್ಲರೂ ಅದನ್ನು ನೋಡಿಯೇ ಅಂದಾಜಿಸುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಅದು 25 ಸೆಂಟಿಮೀಟರ್‌ಗೆ ಇಳಿದಿತ್ತು. 2022ರ ಆಗಸ್ಟ್‌ನಲ್ಲಿ ಮತ್ತೆ ನೀರು ಬತ್ತಿ ಸರಕು ಹಡಗುಗಳು ಅರ್ಧ ಹೊರೆಯೊಂದಿಗೆ ಸಾಗಬೇಕಾಯಿತು. ಇನ್ನೊಂದು ತುದಿಯನ್ನು ನೋಡಬೇಕಾದರೆ ಪಾಸಾವ್‌ಗೆ ಹೋಗಬೇಕು. ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳು ಕೂಡುವ ಆ ಊರಿನ ಹಳೆಯ ಪುರಭವನದ ಗೋಡೆಯ ಮೇಲೆ, ಒಂದೊಂದು ಪ್ರವಾಹ ಎಲ್ಲಿಯವರೆಗೆ ಏರಿತ್ತೆಂದು ಇಸವಿಗಳೊಂದಿಗೆ ಗುರುತು ಹಾಕಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್ ತಲುಪಿತು, 1501ರ ನಂತರ ಆ ಊರು ಅಂಥ ಪ್ರವಾಹವನ್ನು ಕಂಡಿರಲಿಲ್ಲ. 2024ರ ಸೆಪ್ಟೆಂಬರ್‌ನ ಮಳೆಗೆ ಡ್ಯಾನ್ಯೂಬ್ ಉಕ್ಕಿದಾಗಲೂ ಪ್ರವಾಸಿ ಹಡಗುಗಳು ವಿಯೆನ್ನಾದಲ್ಲಿ ದಿನಗಟ್ಟಲೆ ನಿಂತವು.

ಇಂಥ ಸಂದರ್ಭದಲ್ಲಿ ಕಂಪನಿಗಳು ಮಾಡುವುದು ಇಷ್ಟೇ. ತಡೆಯಿರುವ ಜಾಗದ ಆಚೆ ಅದೇ ಬಗೆಯ ಇನ್ನೊಂದು ಹಡಗಿದ್ದರೆ ಪ್ರಯಾಣಿಕರನ್ನು ಬಸ್ಸಿನಲ್ಲಿ ಅಲ್ಲಿಗೆ ಸಾಗಿಸುತ್ತಾರೆ, ಇಲ್ಲದಿದ್ದರೆ ನಿಂತ ಹಡಗನ್ನೇ ಹೋಟೆಲ್ ಮಾಡಿಕೊಂಡು ಬಸ್ಸಿನಲ್ಲಿ ಊರು ತೋರಿಸುತ್ತಾರೆ. ಇದನ್ನು ಮೋಸವೆನ್ನಲಾಗದು, ನದಿಯನ್ನು ಯಾರೂ ಕಟ್ಟಿಹಾಕಲಾರರು. ಆದರೆ ಎಲ್ಲಿ ಈ ಅಪಾಯ ಹೆಚ್ಚು, ಎಲ್ಲಿ ಕಡಿಮೆ ಎಂಬುದು ಮೊದಲೇ ತಿಳಿಯುವ ಸಂಗತಿ. ಬವೇರಿಯಾದ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗೆ ಡ್ಯಾನ್ಯೂಬ್‌ಗೆ ಅಣೆಕಟ್ಟುಗಳ ಆಸರೆಯಿಲ್ಲ. ಬೇಸಿಗೆಯ ಕೊನೆಯಲ್ಲಿ ಹಡಗುಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಜೆಕ್ ಗಡಿಯಿಂದ ಡ್ರೆಸ್ಡೆನ್ ಕಡೆಗೆ ಹರಿಯುವ ಎಲ್ಬ್ ನದಿಯ ಸ್ಥಿತಿ ಇದಕ್ಕಿಂತ ಕಷ್ಟ. ಎಷ್ಟೇ ಸುಂದರವಾಗಿದ್ದರೂ ಮೊದಲ ಯಾನಕ್ಕೆ ಎಲ್ಬ್ ಬೇಡವೆಂದೇ ನಾನು ಹೇಳುತ್ತೇನೆ. ಜರ್ಮನಿಯ ಜಲಮಾರ್ಗಗಳ ಇಲಾಖೆ ನಡೆಸುವ ಎಲ್ವಿಸ್ ಎಂಬ ಜಾಲತಾಣದಲ್ಲಿ ಈ ಮಾಪಕಗಳ ಅಂಕಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಹೊರಡುವ ಮುಂಚಿನ ವಾರಗಳಲ್ಲಿ ಅವನ್ನು ದಿನಕ್ಕೊಮ್ಮೆ ನೋಡುವ ಅಭ್ಯಾಸ ಮಾಡಿಕೊಂಡರೆ ಮಾರಾಟದವರ ಸಮಾಧಾನದ ಮಾತಿಗೆ ಕಾಯಬೇಕಾಗುವುದಿಲ್ಲ.

ಹಾಗಾದರೆ ಮೊದಲ ಸಲಕ್ಕೆ ಯಾವ ದಾರಿ? ನನ್ನ ಆಯ್ಕೆ ಪಾಸಾವ್ ಅಥವಾ ವಿಲ್ಸ್‌ಹೋಫೆನ್‌ನಿಂದ ಬುಡಾಪೆಸ್ಟ್‌ವರೆಗಿನ ಏಳು ರಾತ್ರಿಗಳ ಡ್ಯಾನ್ಯೂಬ್ ಯಾನ. ಸ್ಟ್ರೌಬಿಂಗ್-ವಿಲ್ಸ್‌ಹೋಫೆನ್ ನಡುವಿನ ಆ ಕಷ್ಟದ ತುಣುಕನ್ನು ಹಿಂದೆ ಬಿಟ್ಟೇ ಈ ಯಾನ ಆರಂಭವಾಗುತ್ತದೆ, ಆಸ್ಟ್ರಿಯಾದೊಳಗೆ ನದಿಯ ಬಹುಭಾಗವನ್ನು ಅಣೆಕಟ್ಟುಗಳು ಒಂದು ಮಟ್ಟದಲ್ಲಿ ಹಿಡಿದಿಟ್ಟಿವೆ. ಮೆಲ್ಕ್‌ನ ಬೆಟ್ಟದ ಮೇಲಿನ ಹಳದಿ ಮಠದಿಂದ ಕ್ರೆಮ್ಸ್‌ವರೆಗೆ ಸುಮಾರು 36 ಕಿಲೋಮೀಟರ್ ಹಬ್ಬಿರುವ ವಾಖಾವ್ ಕಣಿವೆಯಲ್ಲಿ ದ್ರಾಕ್ಷಿ ತೋಟಗಳು ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ನೀರಿನ ಅಂಚಿನವರೆಗೆ ಇಳಿದು ಬರುತ್ತವೆ, ತಗ್ಗಿನಲ್ಲಿ ಏಪ್ರಿಕಾಟ್ ಮರಗಳಿವೆ, ಡ್ಯುರ್ನ್‌ಸ್ಟೈನ್‌ನ ನೀಲಿ ಗೋಪುರದ ಮೇಲ್ಗಡೆ ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್‌ನನ್ನು ಸೆರೆಯಲ್ಲಿಟ್ಟಿದ್ದ ಕೋಟೆಯ ಅವಶೇಷ ನಿಂತಿದೆ. ಮುಂದೆ ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್ ಎಂಬ ಮೂರು ರಾಜಧಾನಿಗಳು. ವಿಯೆನ್ನಾದ ರೈಶ್ಸ್‌ಬ್ರ್ಯೂಕೆ ಸೇತುವೆಯ ಬಳಿಯ ಹಡಗುಕಟ್ಟೆಯಲ್ಲಿ ಇಳಿದರೆ ಯು1 ಮೆಟ್ರೋದಲ್ಲಿ ನಾಲ್ಕು ನಿಲ್ದಾಣ ದಾಟಿ ಊರಿನ ನಡುವಿನ ಸ್ಟೀಫನ್ ಚರ್ಚಿನ ಮುಂದೆ ನಿಲ್ಲಬಹುದು. ದುಬಾರಿ ಸುತ್ತಾಟದ ಟಿಕೆಟ್ ಅಲ್ಲಿ ಬೇಕಾಗುವುದಿಲ್ಲ.

ರೈನ್‌ನ ಪರವಾಗಿ ಮಾತನಾಡುವವರ ವಾದದಲ್ಲೂ ಹುರುಳಿದೆ. ರ್ಯೂಡೆಸ್‌ಹೈಮ್‌ನಿಂದ ಕೋಬ್ಲೆನ್ಸ್‌ವರೆಗಿನ ಮಧ್ಯ ರೈನ್ ಕಣಿವೆಯ 65 ಕಿಲೋಮೀಟರ್ ದಾರಿಯಲ್ಲಿ ಒಂದರ ನಂತರ ಒಂದು ಕೋಟೆ ತಲೆಯೆತ್ತುವ ಪರಿ, 132 ಮೀಟರ್ ಎತ್ತರದ ಲೊರೆಲೈ ಬಂಡೆಯ ಬುಡದಲ್ಲಿ ನದಿ ಸಪೂರವಾಗಿ ಹೊರಳುವ ಪರಿ, ಇವಕ್ಕೆ ಡ್ಯಾನ್ಯೂಬ್‌ನಲ್ಲಿ ಸಾಟಿಯಿಲ್ಲ ಎನ್ನುವವರನ್ನು ನಾನು ವಿರೋಧಿಸಲಾರೆ. ಆದರೆ ಆ 65 ಕಿಲೋಮೀಟರ್ ಕೆಲವೇ ಗಂಟೆಗಳ ದಾರಿ. ಆಮ್ಸ್ಟರ್‌ಡ್ಯಾಮ್‌ನಿಂದ ಬಾಸೆಲ್‌ವರೆಗಿನ ವಾರದ ಯಾನದಲ್ಲಿ ಉಳಿದ ದಡಗಳಲ್ಲಿ ಬಹಳಷ್ಟು ಸಪಾಟು ನೆಲ, ಕಾರ್ಖಾನೆ, ಬಂದರುಗಳು. ಊರುಗಳಿಗಾಗಿ ಹೋಗುವವರಿಗೆ ಕೊಲೋನ್, ಸ್ಟ್ರಾಸ್‌ಬರ್ಗ್‌ಗಳಿವೆ. ಡೆಕ್ ಮೇಲೆ ಕುಳಿತು ದಡ ನೋಡುವ ಆಸೆಯವರಿಗೆ ಡ್ಯಾನ್ಯೂಬ್ ಹೆಚ್ಚು ಉದಾರಿ. ಪೋರ್ಚುಗಲ್‌ನ ಡೌರೋ ಮೂರನೆಯ ಸಾಧ್ಯತೆ, ಅಲ್ಲಿ ರಾತ್ರಿ ಹಡಗು ಓಡಿಸುವುದಿಲ್ಲವಾದ್ದರಿಂದ ಕಣಿವೆಯ ಪ್ರತಿ ತಿರುವೂ ಹಗಲಿನಲ್ಲೇ ಸಿಗುತ್ತದೆ. ಆದರೆ ಜುಲೈ-ಆಗಸ್ಟ್‌ನ ಬಿಸಿಲು ಅಲ್ಲಿ ಕಠೋರ.

ಆಮ್ಸ್ಟರ್‌ಡ್ಯಾಮ್‌ನಿಂದ ಬುಡಾಪೆಸ್ಟ್‌ವರೆಗೆ ಹದಿನಾಲ್ಕು ರಾತ್ರಿಗಳ ಮಹಾಯಾನವನ್ನು ಮೊದಲ ಸಲಕ್ಕೆ ನಾನು ಒಪ್ಪುವುದಿಲ್ಲ. 171 ಕಿಲೋಮೀಟರ್ ಉದ್ದದ ರೈನ್-ಮೈನ್-ಡ್ಯಾನ್ಯೂಬ್ ಕಾಲುವೆ 1992ರಲ್ಲಿ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹಡಗುಗಳನ್ನು ಏರಿಸಿ ಇಳಿಸುವ ಆ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಎಂಟನೆಯ ಶತಮಾನದಲ್ಲಿ ದೊರೆ ಶಾರ್ಲಮೇನ್ ಕೈಹಾಕಿದ ಕನಸು ಅದು. ಆದರೆ ಪ್ರಯಾಣಿಕನ ಪಾಲಿಗೆ ಈ ದಾರಿಯೆಂದರೆ ಅರವತ್ತಕ್ಕೂ ಹೆಚ್ಚು ಲಾಕ್‌ಗಳು, ತಗ್ಗಾದ ಸೇತುವೆಗಳ ಕಾರಣಕ್ಕೆ ಮುಚ್ಚಿಡುವ ಮೇಲಿನ ಡೆಕ್, ಎರಡು ನದಿಗಳ ನೀರಿನ ಅಪಾಯವೂ ಒಂದೇ ಟಿಕೆಟ್ಟಿನಲ್ಲಿ. ನದಿಯಾನ ತಮಗೆ ಒಗ್ಗುತ್ತದೆಯೇ ಎಂದು ಇನ್ನೂ ತಿಳಿಯದವರು ಎರಡು ವಾರಗಳ ಹಣವನ್ನು ಪಣಕ್ಕಿಡುವುದು ಸರಿಯಲ್ಲ.

ದಾರಿ ಗೊತ್ತಾದ ಮೇಲೆ ದಿನಚರಿಯನ್ನು ಸಾಲು ಸಾಲಾಗಿ ಓದಿ. ಪ್ರಾಗ್ ಹೆಸರನ್ನು ದೊಡ್ಡದಾಗಿ ಮುದ್ರಿಸಿದ ಡ್ಯಾನ್ಯೂಬ್ ಯಾನಗಳಿವೆ, ಆದರೆ ಪ್ರಾಗ್ ಇರುವುದು ವಲ್ಟಾವಾ ನದಿಯ ಮೇಲೆ. ಅಂದರೆ ಅದು ಹೋಟೆಲ್ ವಾಸ್ತವ್ಯ ಮತ್ತು ಹಲವು ಗಂಟೆಗಳ ಬಸ್ ಪ್ರಯಾಣ. ಸಾಲ್ಸ್‌ಬರ್ಗ್ ಕೂಡ ಹೀಗೆಯೇ. ಫ್ರಾನ್ಸಿನ ಸೇನ್ ನದಿಯ ಯಾನದಲ್ಲಿ ನಾರ್ಮಂಡಿಯ ಯುದ್ಧದ ಕಡಲತೀರಗಳನ್ನು ನೋಡಲು ದಿನವಿಡೀ ಬಸ್ಸಿನಲ್ಲಿ ಹೋಗಿಬರಬೇಕು. ಇದಕ್ಕಿಂತ ಮುಖ್ಯವಾದದ್ದು ವಾಖಾವ್ ಅಥವಾ ಮಧ್ಯ ರೈನ್ ಕಣಿವೆಯನ್ನು ಹಡಗು ಯಾವ ಹೊತ್ತಿಗೆ ದಾಟುತ್ತದೆ ಎಂಬ ಪ್ರಶ್ನೆ. ನೀವು ಮಲಗಿರುವಾಗ ವಾಖಾವ್ ದಾಟಿಹೋದರೆ ಆ ಯಾನದ ಹೃದಯವನ್ನೇ ಕಳೆದುಕೊಂಡಂತೆ. ಡಿಸೆಂಬರ್‌ನ ಕ್ರಿಸ್ಮಸ್ ಸಂತೆಗಳ ಯಾನದಲ್ಲಿ ವಿಯೆನ್ನಾದಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವುದರಿಂದ ದಡದ ನೋಟ ಹೆಚ್ಚೇನೂ ಸಿಗದು. ಸಂತೆಯ ದೀಪಗಳಿಗಾಗಿ ಹೋಗುವವರಿಗೆ ಮಾತ್ರ ಆ ತಿಂಗಳು. ನನ್ನ ಲೆಕ್ಕದಲ್ಲಿ ಮೇ ತಿಂಗಳು ಎಲ್ಲಕ್ಕಿಂತ ಒಳ್ಳೆಯದು: ಹಗಲು ಉದ್ದ, ಬೇಸಿಗೆಯ ಬತ್ತುವಿಕೆ ಇನ್ನೂ ಶುರುವಾಗಿರುವುದಿಲ್ಲ, ಬೆಟ್ಟಗಳೆಲ್ಲ ಹೊಸ ಹಸಿರು. ಪ್ರವಾಹದ ಸಾಧ್ಯತೆ ಆಗಲೂ ಇದ್ದೇ ಇರುತ್ತದೆ.

ಕ್ಯಾಬಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗಿನ ಡೆಕ್‌ನ ಕಿಟಕಿಗಳು ನೀರಿನ ಮಟ್ಟಕ್ಕಿಂತ ತುಸು ಮೇಲಿರುತ್ತವೆ, ಸಾಮಾನ್ಯವಾಗಿ ತೆರೆಯಲು ಬರುವುದಿಲ್ಲ. ಹಗಲೆಲ್ಲ ಹೊರಗೇ ಇರುವವರಿಗೆ ಅಷ್ಟು ಸಾಕು. ಬಾಲ್ಕನಿಗೆ ಹೆಚ್ಚು ಹಣ ಕೊಡುವ ಮುನ್ನ ಒಂದು ಸಂಗತಿ ತಿಳಿದಿರಲಿ: ಕಟ್ಟೆಯಲ್ಲಿ ಜಾಗ ಕಡಿಮೆಯಿದ್ದಾಗ ಎರಡು ಮೂರು ಹಡಗುಗಳನ್ನು ಪಕ್ಕಪಕ್ಕದಲ್ಲಿ ಕಟ್ಟುತ್ತಾರೆ, ಆಗ ನಿಮ್ಮ ಬಾಲ್ಕನಿಯ ಎದುರಿಗೆ ಕಾಣುವುದು ಇನ್ನೊಂದು ಹಡಗಿನವರ ಕೋಣೆ. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರಿಗೆ ಇದರಿಂದ ಇನ್ನೂ ದೊಡ್ಡ ತೊಂದರೆಯಿದೆ. ದಡ ಸೇರಲು ಆ ಹಡಗುಗಳ ಮೂಲಕವೇ ದಾಟಬೇಕು, ಕೆಲವೊಮ್ಮೆ ಮೇಲಿನ ಡೆಕ್‌ಗೆ ಹತ್ತಿ ಇಳಿಯಬೇಕು. ಲಿಫ್ಟ್ ಇದ್ದರೂ ಅನೇಕ ಹಡಗುಗಳಲ್ಲಿ ಅದು ಎಲ್ಲ ಡೆಕ್‌ಗಳಿಗೆ ಹೋಗುವುದಿಲ್ಲ. ಊರೊಳಗೆ ಹಳೆಯ ಕಲ್ಲುಹಾಸಿನ ಬೀದಿಗಳು. ಅಮ್ಮ ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂಬುದನ್ನು ಸಂಕೋಚವಿಲ್ಲದೆ ಅವರನ್ನೇ ಕೇಳಿ ನಿರ್ಧರಿಸುವುದು ಅವರಿಗೆ ತೋರಿಸುವ ಗೌರವವೇ ಹೌದು.

ಊಟದ ವಿಷಯದಲ್ಲಿ ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಮೊಟ್ಟೆ ತಿನ್ನುತ್ತೀರೋ ಇಲ್ಲವೋ, ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ ಸೂಪ್ ಬೇಡ, ಮೀನು ಬೇಡ ಎಂದು ಬಿಡಿಸಿ ಬರೆದು ಕಳುಹಿಸಿ. ಚಿಕ್ಕ ಅಡುಗೆಮನೆಯ ಬಾಣಸಿಗರಿಗೆ ಮೊದಲೇ ತಿಳಿಸಿದರೆ ಅವರು ಮನಸ್ಸಿಟ್ಟು ಮಾಡಿಕೊಡುತ್ತಾರೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಲೆಕ್ಕವೂ ನದಿಯನ್ನೇ ಅವಲಂಬಿಸಿದೆ. ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕ ಶೆಂಗನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾಕ್ಕೆ, ಅರ್ಜಿ ಹಾಕಬೇಕು, ರಾತ್ರಿಗಳು ಸಮನಾದರೆ ಮೊದಲು ಪ್ರವೇಶಿಸುವ ದೇಶದ ಮೂಲಕ. ಪಾಸಾವ್‌ನಿಂದ ಬುಡಾಪೆಸ್ಟ್‌ಗೆ ಹೋಗುವವರಿಗೆ ಅದು ಸಾಮಾನ್ಯವಾಗಿ ಆಸ್ಟ್ರಿಯಾ ಆಗುತ್ತದೆ. ಬುಡಾಪೆಸ್ಟ್‌ನಿಂದ ಕೆಳಕ್ಕೆ ಕಪ್ಪು ಸಮುದ್ರದ ಕಡೆಗೆ ಹೋಗುವ ಯಾನ ಸೆರ್ಬಿಯಾವನ್ನು ಹಾದುಹೋಗುತ್ತದೆ, ಸೆರ್ಬಿಯಾ ಶೆಂಗನ್‌ನಲ್ಲಿಲ್ಲ. 2025ರ ಜನವರಿಯಿಂದ ಬಲ್ಗೇರಿಯಾ, ರೊಮೇನಿಯಾಗಳು ಪೂರ್ಣವಾಗಿ ಶೆಂಗನ್ ಸೇರಿರುವುದರಿಂದ, ಸೆರ್ಬಿಯಾ ದಾಟಿ ಅವುಗಳಿಗೆ ಕಾಲಿಡುವುದು ಎರಡನೆಯ ಪ್ರವೇಶವಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ, ನೀರಿನ ಮಟ್ಟದಿಂದ ಯಾನ ರದ್ದಾದರೆ ಪರಿಹಾರವಿದೆಯೇ ಎಂಬ ಸಾಲನ್ನೂ ಹುಡುಕಿ.

ಮುಂಗಡ ಕಟ್ಟುವ ಮೊದಲು ಕಂಪನಿಗೆ ಅಥವಾ ಏಜೆಂಟರಿಗೆ ಒಂದು ಇಮೇಲ್ ಬರೆಯಿರಿ. ಕಣಿವೆಯನ್ನು ಹಗಲಿನಲ್ಲಿ ದಾಟುತ್ತೀರಾ, ಪ್ರತಿ ಊರಿನಲ್ಲಿ ಹಡಗು ಎಲ್ಲಿ ನಿಲ್ಲುತ್ತದೆ, ನೀರಿನ ಕಾರಣಕ್ಕೆ ಹಡಗು ನಿಂತರೆ ಏನು ಮಾಡುತ್ತೀರಿ, ಎಷ್ಟು ದಿನ ಕಳೆದುಕೊಂಡರೆ ಎಷ್ಟು ಹಣ ಮರಳಿಸುತ್ತೀರಿ, ಸಿಬ್ಬಂದಿಯ ಟಿಪ್ಸ್ ದರದಲ್ಲಿ ಸೇರಿದೆಯೇ ಎಂದು ಕೇಳಿ. ಫೋನಿನಲ್ಲಿ ಸಿಗುವ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಬರಹದಲ್ಲೇ ಬರಲಿ. ಅದು ಬರುವವರೆಗೆ ಕಾರ್ಡ್ ನಂಬರ್ ಕೊಡಬೇಡಿ.